ಎದೆಯುರಿಯಿಂದ ಆಪರೇಷನ್‌ವರೆಗೆ: ದಾವಣಗೆರೆ–ಹರಿಹರದವರಿಗೆ ಹಂತ ಹಂತವಾಗಿ ಒಂದು ಕೈಪಿಡಿ

‘ಗ್ಯಾಸ್ಟ್ರಿಕ್‌ದು ಒಂದು ಶೀಟ್ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವುದು ನಮ್ಮ ದಾವಣಗೆರೆ, ಹರಿಹರಗಳಲ್ಲಿ ದಿನನಿತ್ಯದ ಸಂಗತಿ. ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ಬರುತ್ತದೆ, ಎದೆಯ ಮಧ್ಯೆ ಉರಿಯುತ್ತದೆ. ಬೆಳಗ್ಗೆ ಮಾತ್ರೆ ನುಂಗಿದರೆ ಸಂಜೆಯವರೆಗೆ ಸಮಾಧಾನ. ಹೀಗೇ ವರ್ಷಗಳು ಕಳೆಯುತ್ತವೆ. ಒಂದು ದಿನ ಎಂಡೋಸ್ಕೋಪಿ ವರದಿಯಲ್ಲಿ ‘ಹಯೇಟಸ್ ಹರ್ನಿಯಾ’ ಎಂದು ಬರೆದಿರುತ್ತದೆ. ನೆಂಟರೊಬ್ಬರು ‘ಹೋಲ್ ಹಾಕಿ ಆಪರೇಷನ್ ಮಾಡ್ತಾರೆ, ಎರಡೇ ದಿನಕ್ಕೆ ಮನೆಗೆ ಬರಬಹುದು’ ಎನ್ನುತ್ತಾರೆ. ಇನ್ನೊಬ್ಬರು ‘ಅದರ ಸಹವಾಸವೇ ಬೇಡ’ ಎನ್ನುತ್ತಾರೆ.

ಇಬ್ಬರ ಮಾತೂ ಅರ್ಧ ಸರಿ. ಲ್ಯಾಪ್ರೋಸ್ಕೋಪಿಯ ಈ ಶಸ್ತ್ರಚಿಕಿತ್ಸೆ ಸರಿಯಾದ ರೋಗಿಗೆ ನಿಜಕ್ಕೂ ದೊಡ್ಡ ಉಪಕಾರ ಮಾಡುತ್ತದೆ, ಆದರೆ ಎದೆಯುರಿ ಇರುವವರಿಗೆಲ್ಲ ಅದು ಬೇಕಿಲ್ಲ. ಫಲ ಹೇಗೆ ಸಿಗುತ್ತದೆ ಎಂಬುದು ಥಿಯೇಟರಿನಲ್ಲಿ ಕಳೆಯುವ ಆ ಎರಡು ಗಂಟೆಗಳಲ್ಲಷ್ಟೇ ತೀರ್ಮಾನವಾಗುವುದಿಲ್ಲ. ಮೊದಲು ಮಾಡಿಸುವ ಪರೀಕ್ಷೆಗಳಿಗೂ ಆಮೇಲಿನ ಆರು ವಾರಗಳ ಊಟಕ್ಕೂ ಅದರಲ್ಲಿ ಅಷ್ಟೇ ಪಾಲಿದೆ. ಈ ದಾರಿಯನ್ನು ಮೊದಲ ಸಲ ಹಿಡಿಯುವವರಿಗಾಗಿ ಹಂತಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿಟ್ಟಿದೆ.

ಹಂತ 1: ಇದು ಹೃದಯದ ನೋವಲ್ಲ ಎಂದು ಖಚಿತ ಮಾಡಿಕೊಳ್ಳಿ

ಎದೆಯ ನಡುವಿನ ಉರಿಯೂ ಹೃದಯಾಘಾತದ ನೋವೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗಿ ಜೀವ ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಎದೆ ಹಿಂಡಿದಂತಾಗಿ ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಿದರೆ, ಬೆವರು, ಏದುಸಿರು, ತಲೆಸುತ್ತು ಬಂದರೆ, ಮೆಟ್ಟಿಲು ಹತ್ತುವಾಗ ನೋವು ಹೆಚ್ಚಿ ನಿಂತಾಗ ಕಡಿಮೆಯಾದರೆ ಮಾತ್ರೆ ಹುಡುಕುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಇಲ್ಲವೇ 108ಕ್ಕೆ ಕರೆ ಮಾಡಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು, ಬೀಡಿ–ಸಿಗರೇಟು ಸೇದುವವರು ಇದರಲ್ಲಿ ಒಂದು ನಿಮಿಷವೂ ತಡಮಾಡಬಾರದು.

ಇನ್ನು ಕೆಲವು ಲಕ್ಷಣಗಳಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ನೇರವಾಗಿ ಎಂಡೋಸ್ಕೋಪಿಗೆ ಹೋಗಬೇಕು:

- ನುಂಗಿದ ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುವುದು
- ಪ್ರಯತ್ನಪಡದೆಯೇ ತೂಕ ಇಳಿಯುವುದು
- ರಕ್ತವಾಂತಿ, ಅಥವಾ ಡಾಂಬರಿನ ಬಣ್ಣದ ಮಲ
- ಕಾರಣ ಗೊತ್ತಾಗದ ರಕ್ತಹೀನತೆ
- ಬಿಡದೆ ಕಾಡುವ ವಾಂತಿ

ಹಂತ 2: ಒಳಗೆ ಏನು ಕೆಟ್ಟಿದೆ ಎಂದು ತಿಳಿದುಕೊಳ್ಳಿ

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದರಲ್ಲಿರುವ ಒಂದು ಕಂಡಿಯ ಮೂಲಕ ಅನ್ನನಾಳ ಕೆಳಗಿಳಿದು ಜಠರವನ್ನು ಸೇರುತ್ತದೆ. ಅನ್ನನಾಳದ ತುದಿಯಲ್ಲಿ ಸುಮಾರು 3ರಿಂದ 4 ಸೆಂ.ಮೀ. ಉದ್ದದ ಬಿಗಿ ಸ್ನಾಯು ಇರುತ್ತದೆ. ನುಂಗುವಾಗ ಸಡಿಲವಾಗಿ ಊಟವನ್ನು ಕೆಳಗೆ ಬಿಡುವುದು, ಉಳಿದ ಹೊತ್ತು ಬಿಗಿದುಕೊಂಡು ಜಠರದ ಆಮ್ಲವನ್ನು ತಡೆಯುವುದು ಅದರ ಕೆಲಸ. ವಪೆಯ ಕಂಡಿಯೂ ಹೊರಗಿನಿಂದ ಅದನ್ನು ಒತ್ತಿ ಹಿಡಿದಿರುತ್ತದೆ. ಒಳಗಿನ ಬಿಗಿ, ಹೊರಗಿನ ಒತ್ತು ಎರಡೂ ಸೇರಿದರೇನೇ ಬಾಗಿಲು ಭದ್ರ.

ವಯಸ್ಸು, ಬೊಜ್ಜು, ಹಲವು ಹೆರಿಗೆ, ವರ್ಷಗಟ್ಟಲೆಯ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಭಾರ ಎತ್ತುವ ಕೆಲಸ, ಇವೆಲ್ಲ ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸುತ್ತವೆ ಅಥವಾ ಆ ಕಂಡಿಯನ್ನು ಅಗಲ ಮಾಡುತ್ತವೆ. ಆಗ ಜಠರದ ಮೇಲ್ಭಾಗ ಎದೆಯೊಳಕ್ಕೆ ಜಾರುತ್ತದೆ. ಇದೇ ಹಯೇಟಸ್ ಹರ್ನಿಯಾ. ತೊಡೆಸಂದಿನ ಅಥವಾ ಹೊಕ್ಕುಳಿನ ಹರ್ನಿಯಾದಂತೆ ಇದು ಹೊರಗೆ ಉಬ್ಬಿ ಕಾಣಿಸುವುದಿಲ್ಲ.

ಇದರಲ್ಲಿ ನಾಲ್ಕು ಬಗೆಗಳಿವೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮೊದಲನೆಯ ಬಗೆಯವು: ಅನ್ನನಾಳ–ಜಠರ ಸೇರುವ ಜಾಗವೇ ಮೇಲಕ್ಕೂ ಕೆಳಕ್ಕೂ ಜಾರಾಡುತ್ತದೆ. ಇದು ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ವರದಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ಉಳಿದ ಮೂರು ಬಗೆಗಳಲ್ಲಿ ಜಠರ ಅನ್ನನಾಳದ ಪಕ್ಕದಿಂದ ಎದೆಗೆ ಏರುತ್ತದೆ, ಕೆಲವೊಮ್ಮೆ ಕರುಳನ್ನೂ ಎಳೆದೊಯ್ಯುತ್ತದೆ. ಇಂಥ ದೊಡ್ಡ ಹರ್ನಿಯಾ ಇರುವ ಹಿರಿಯರಲ್ಲಿ ಎದೆಯುರಿಗಿಂತ ಊಟದ ನಂತರದ ಏದುಸಿರು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ನಿಧಾನ ರಕ್ತಸ್ರಾವದಿಂದ ಬರುವ ರಕ್ತಹೀನತೆ ಹೆಚ್ಚು. ಅಪರೂಪಕ್ಕೆ ಜಠರ ತಿರುಚಿಕೊಳ್ಳುವುದೂ ಉಂಟು. ತೀವ್ರ ನೋವಿನೊಡನೆ ಓಕರಿಕೆ ಬಂದು ವಾಂತಿಯೇ ಆಗದಿದ್ದರೆ ಅದು ತುರ್ತುಸ್ಥಿತಿ.

ಹಂತ 3: ಎಂಟು ವಾರ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡು ನೋಡಿ

‘ಮಾತ್ರೆ ಕೆಲಸ ಮಾಡಲಿಲ್ಲ’ ಎನ್ನುವ ಎಷ್ಟೋ ಮಂದಿ ಅದನ್ನು ಸರಿಯಾದ ಹೊತ್ತಿಗೆ ನುಂಗಿರುವುದೇ ಇಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಎಲ್ಲ ಒಂದೇ ಗುಂಪಿನವು. ಜಠರದ ಆಮ್ಲ ಪಂಪುಗಳು ಊಟಕ್ಕೆ ಎಚ್ಚರಗೊಳ್ಳುವ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಆದ್ದರಿಂದ ತಿಂಡಿಗೆ 30ರಿಂದ 60 ನಿಮಿಷ ಮೊದಲು, ದಿನವೂ ತಪ್ಪದೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಎಂಟು ವಾರ ತೆಗೆದುಕೊಳ್ಳಬೇಕು. ಉರಿ ಬಂದಾಗ ಮಾತ್ರ ಒಂದು ನುಂಗುವುದು ಪರೀಕ್ಷೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಜೊತೆಗೆ ಇವನ್ನೂ ಪಾಲಿಸಿ:

- ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಅಂಗಡಿ ಮುಚ್ಚಿ ಹತ್ತೂವರೆಗೆ ಮನೆಗೆ ಬಂದು ಉಂಡು ಮಲಗುವವರು ಸಂಜೆ ಏಳಕ್ಕೇ ಅಂಗಡಿಯಲ್ಲಿ ಬುತ್ತಿ ಬಿಚ್ಚುವುದು ಲೇಸು.
- ಮಂಚದ ತಲೆಕಡೆಯ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಇಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ತಲೆಗೆ ಎರಡು ದಿಂಬು ಹಾಕಿದರೆ ಸಾಲದು, ಹೊಟ್ಟೆ ಮಡಚಿ ಉರಿ ಹೆಚ್ಚಬಹುದು. ಎಡ ಮಗ್ಗುಲಿಗೆ ಮಲಗಿ.
- ತೂಕ ಹೆಚ್ಚಿದ್ದರೆ ಇಳಿಸಿ. ಉಳಿದೆಲ್ಲ ಪಥ್ಯಕ್ಕಿಂತ ಇದರ ಫಲ ದೊಡ್ಡದು.
- ಗುಟ್ಕಾ, ಬೀಡಿ, ಸಿಗರೇಟು, ಮದ್ಯ ಬಿಡಿ.
- ಮಿರ್ಚಿ–ಮಂಡಕ್ಕಿ, ಬೆಣ್ಣೆದೋಸೆಯನ್ನು ಶಾಶ್ವತವಾಗಿ ತೊರೆಯಿರಿ ಎಂದು ಯಾರೂ ಹೇಳುವುದಿಲ್ಲ. ಜಿಡ್ಡು ಜಠರವನ್ನು ನಿಧಾನವಾಗಿ ಖಾಲಿ ಮಾಡಿಸುತ್ತದೆ, ಖಾರ ಹುಣ್ಣಾದ ಅನ್ನನಾಳವನ್ನು ಕೆಣಕುತ್ತದೆ. ನಿಮಗೆ ಯಾವುದು ಉರಿ ತರುತ್ತದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅದನ್ನು ಮಾತ್ರ ಬಿಡಿ.
- ಮೈಕೈ ನೋವಿನ ಮಾತ್ರೆ, ಬಿ.ಪಿ. ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತೋರಿಸಿ. ಕೆಲವು ಔಷಧಗಳೇ ರಿಫ್ಲಕ್ಸ್ (ಜಠರದ ಆಮ್ಲ ಅನ್ನನಾಳಕ್ಕೆ ಮೇಲೇರುವುದು) ಹೆಚ್ಚಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ.

ಎಂಟು ವಾರ ಹೀಗೆ ನಡೆದು ಉರಿ ಹೋದರೆ, ಮಾತ್ರೆಯನ್ನು ಮೆಲ್ಲಗೆ ಇಳಿಸುವ ದಾರಿಯನ್ನು ವೈದ್ಯರೇ ಹೇಳುತ್ತಾರೆ. ಬಹುತೇಕರ ಪ್ರಯಾಣ ಇಲ್ಲಿಗೇ ಮುಗಿಯುತ್ತದೆ.

ಹಂತ 4: ಎಂಡೋಸ್ಕೋಪಿ ಮಾಡಿಸಿ, ವರದಿಯನ್ನು ಓದಲು ಕಲಿಯಿರಿ

ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಬೆರಳಿಗಿಂತ ತೆಳುವಾದ ಕ್ಯಾಮೆರಾ ಕೊಳವೆಯನ್ನು ಬಾಯಿಯಿಂದ ಇಳಿಸುತ್ತಾರೆ. ಐದರಿಂದ ಹತ್ತು ನಿಮಿಷದ ಕೆಲಸ. ನಿದ್ದೆ ಬರುವ ಇಂಜೆಕ್ಷನ್ ಪಡೆದರೆ ಅಂದು ಗಾಡಿ ಓಡಿಸಬಾರದು. ಹರಿಹರದಿಂದ ಬರುವವರು ಜೊತೆಗೊಬ್ಬರನ್ನು ಕರೆತನ್ನಿ.

ವರದಿಯಲ್ಲಿ ಮೂರು ವಿಷಯ ಹುಡುಕಿ. ಒಂದು, ಹರ್ನಿಯಾ ಎಷ್ಟು ಸೆಂ.ಮೀ. ಇದೆ. ಎರಡು, ಅನ್ನನಾಳದ ಹುಣ್ಣಿಗೆ ಕೊಟ್ಟ ‘ಲಾಸ್ ಏಂಜಲೀಸ್ ಗ್ರೇಡ್’: ಎ ಎಂದರೆ ತೀರ ಸ್ವಲ್ಪ, ಡಿ ಎಂದರೆ ತೀವ್ರ. ಮೂರು, ‘ಬ್ಯಾರೆಟ್ಸ್’ ಎಂಬ ಪದ. ಹಾಗೆಂದರೆ ಆಮ್ಲದ ಹೊಡೆತಕ್ಕೆ ಅನ್ನನಾಳದ ಒಳಪದರವೇ ಬದಲಾಗಿದೆ ಎಂದರ್ಥ. ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಕಡಿಮೆಯಾದರೂ ಇದ್ದೇ ಇರುವುದರಿಂದ ಬಯಾಪ್ಸಿ ಹಾಗೂ ನಿಯಮಿತ ತಪಾಸಣೆ ಬೇಕಾಗುತ್ತದೆ.

ಹಂತ 5: ಈ ಎರಡು ಪರೀಕ್ಷೆಗಳನ್ನು ಬಿಟ್ಟು ಮುಂದೆ ಹೋಗಬೇಡಿ

ಜನ ಅತಿ ಹೆಚ್ಚು ತಪ್ಪಿಸುವ ಹಂತ ಇದೇ, ಅತಿ ಮುಖ್ಯವಾದದ್ದೂ ಇದೇ.

*ಮ್ಯಾನೊಮೆಟ್ರಿ.* ಮೂಗಿನಿಂದ ತೆಳು ಕೊಳವೆ ಇಳಿಸಿ, ಗುಟುಕು ಗುಟುಕು ನೀರು ಕುಡಿಸಿ, ಅನ್ನನಾಳ ಎಷ್ಟು ಬಲವಾಗಿ ಊಟವನ್ನು ತಳ್ಳುತ್ತದೆ ಎಂದು ಅಳೆಯುತ್ತಾರೆ. ಅಕಲೇಸಿಯಾ ಎಂಬ ಕಾಯಿಲೆಯಲ್ಲಿ ಅನ್ನನಾಳದ ಕೊನೆ ಬಿಚ್ಚಿಕೊಳ್ಳುವುದೇ ಇಲ್ಲ. ಅಂಥವರಿಗೂ ಎದೆಯುರಿ, ಉಂಡದ್ದು ಮೇಲೆ ಬರುವುದು ಇರುತ್ತದೆ. ಅದನ್ನು ರಿಫ್ಲಕ್ಸ್ ಎಂದು ತಪ್ಪು ತಿಳಿದು ಆಪರೇಷನ್ ಮಾಡಿ ಇನ್ನಷ್ಟು ಬಿಗಿಗೊಳಿಸಿದರೆ ರೋಗಿ ನೀರನ್ನೂ ನುಂಗಲಾರದ ಸ್ಥಿತಿಗೆ ಬರುತ್ತಾನೆ. ಆಪರೇಷನ್‌ನಲ್ಲಿ ಜಠರದ ಮೇಲ್ತುದಿಯಿಂದ ಅನ್ನನಾಳಕ್ಕೆ ಎಷ್ಟು ಬಿಗಿಯ ಸುತ್ತು ಹಾಕಬೇಕು ಎಂಬ ತೀರ್ಮಾನಕ್ಕೂ ಈ ಪರೀಕ್ಷೆ ನೆರವಾಗುತ್ತದೆ.

*24 ಗಂಟೆಗಳ ಪಿಎಚ್ ಪರೀಕ್ಷೆ.* ಮೂಗಿನ ಮೂಲಕ ಇಳಿಸಿದ ಸಣ್ಣ ತಂತಿ, ಸೊಂಟಕ್ಕೊಂದು ಪೆಟ್ಟಿಗೆ. ಅದರೊಂದಿಗೆ ಮನೆಗೆ ಹೋಗಿ ಎಂದಿನಂತೆ ಉಂಡು, ಮಲಗಿ, ಮರುದಿನ ಹಿಂತಿರುಗಿಸಬೇಕು. ಅನ್ನನಾಳ ಇಡೀ ದಿನದ ಶೇ 6ಕ್ಕಿಂತ ಹೆಚ್ಚು ಹೊತ್ತು ಆಮ್ಲದಲ್ಲಿದ್ದರೆ ರಿಫ್ಲಕ್ಸ್ ಖಚಿತ, ಶೇ 4ಕ್ಕಿಂತ ಕಡಿಮೆಯಿದ್ದರೆ ಸಹಜ. ರೋಗ ಇದೆಯೇ ಎಂದು ಪತ್ತೆ ಮಾಡಲು ಈ ಪರೀಕ್ಷೆ ಮಾಡುವುದಾದರೆ ಆಮ್ಲದ ಮಾತ್ರೆಯನ್ನು ಸುಮಾರು ಏಳು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎಂಡೋಸ್ಕೋಪಿಯಲ್ಲೇ ಸಿ ಅಥವಾ ಡಿ ಗ್ರೇಡಿನ ಹುಣ್ಣು ಕಂಡಿದ್ದರೆ ಈ ಪರೀಕ್ಷೆ ಬೇಡವಾಗಬಹುದು, ಅದೇ ಸಾಕಷ್ಟು ಸಾಕ್ಷಿ.

ಹರ್ನಿಯಾ ದೊಡ್ಡದಿದ್ದರೆ ಬೇರಿಯಂ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಕೂಡ ಬೇಕಾಗುತ್ತದೆ. ಯಾವ ಪರೀಕ್ಷೆಯಲ್ಲೂ ರಿಫ್ಲಕ್ಸ್ ಕಾಣದೆ ಉರಿ ಮಾತ್ರ ಇದ್ದರೆ, ಅದು ಅನ್ನನಾಳದ ನರಗಳ ಅತಿಸೂಕ್ಷ್ಮತೆಯಿಂದ ಬಂದ ನೋವಿರಬಹುದು. ಅದಕ್ಕೆ ಔಷಧವುಂಟು, ಆಪರೇಷನ್ ಮದ್ದಲ್ಲ.

ಹಂತ 6: ನನಗೆ ಬೇಕೇ, ಬೇಡವೇ?

ಬೇಕಾಗುವ ಸಂದರ್ಭಗಳು ಇವು:

- ಮಾತ್ರೆಯಿಂದ ಉರಿ ನಿಂತರೂ ಉಂಡದ್ದು ಬಾಯಿಗೆ ಬರುವುದು, ರಾತ್ರಿ ಕೆಮ್ಮು, ಉಸಿರು ಕಟ್ಟುವುದು ನಿಲ್ಲದಿದ್ದಾಗ. ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆ, ಬಾಗಿಲನ್ನು ರಿಪೇರಿ ಮಾಡುವುದಿಲ್ಲ.
- ಪೂರ್ಣ ಪ್ರಮಾಣದ ಮಾತ್ರೆಯಲ್ಲೂ ಹುಣ್ಣು ಮಾಯದಿದ್ದಾಗ.
- ರಿಫ್ಲಕ್ಸ್ ಸಾಬೀತಾಗಿದ್ದು, ಜೀವಮಾನವಿಡೀ ಮಾತ್ರೆ ಬೇಡ ಎಂದು ನೀವೇ ನಿರ್ಧರಿಸಿದಾಗ.
- ದೊಡ್ಡ ಹರ್ನಿಯಾದಿಂದ ನೋವು, ಏದುಸಿರು, ರಕ್ತಹೀನತೆ ಬಂದಾಗ.

ಮಾತ್ರೆಯಿಂದಲೇ ಹಾಯಾಗಿರುವವರಿಗೆ ಆತುರವಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ‘ಲೋಟಸ್’ ಅಧ್ಯಯನ ಮಾತ್ರೆಗೆ ಚೆನ್ನಾಗಿ ಸ್ಪಂದಿಸುವ 554 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಐದು ವರ್ಷದ ಕೊನೆಗೆ ಇಸೊಮೆಪ್ರಜೋಲ್ ಗುಂಪಿನಲ್ಲಿ ಶೇ 92, ಲ್ಯಾಪ್ರೋಸ್ಕೋಪಿ ಗುಂಪಿನಲ್ಲಿ ಶೇ 85 ಮಂದಿಯ ರೋಗ ಹತೋಟಿಯಲ್ಲಿತ್ತು. ಅಂದರೆ ಎರಡೂ ಒಳ್ಳೆಯ ದಾರಿಗಳೇ. ಯಾವುದು ನಿಮ್ಮದು ಎಂಬುದು ನಿಮ್ಮ ತೊಂದರೆ ಯಾವ ಬಗೆಯದು ಎಂಬುದರ ಮೇಲಿದೆ.

ಬೊಜ್ಜು ತೀರ ಹೆಚ್ಚಿದ್ದು ಬಿಎಂಐ 35 ದಾಟಿದವರಲ್ಲಿ ಈ ರಿಪೇರಿ ಸಡಿಲಗೊಳ್ಳುವ ಸಂಭವ ಜಾಸ್ತಿ. ಅವರಿಗೆ ಬೊಜ್ಜು ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಸೂಕ್ತವೇ ಎಂದು ಕೇಳಬೇಕು.

ಹಂತ 7: ಆಸ್ಪತ್ರೆ, ಹಣ, ಕಾಗದಪತ್ರ

ಹರಿಹರದವರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಿಂದ ಶುರು ಮಾಡಿ. ದಾವಣಗೆರೆ ಅಲ್ಲಿಂದ ಹದಿನಾಲ್ಕೇ ಕಿ.ಮೀ. ನಗರದಲ್ಲಿ ಜಿಲ್ಲಾ ಆಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆ ಇದೆ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜಿನ ಬಾಪೂಜಿ ಆಸ್ಪತ್ರೆ ಇದೆ, 2006ರಲ್ಲಿ ಆರಂಭವಾದ ಎಸ್‌.ಎಸ್‌. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮ್ಯಾನೊಮೆಟ್ರಿ ಅಥವಾ ಹೆಚ್ಚಿನ ತಜ್ಞತೆಗೆ ಹೊರಗೆ ಕಳಿಸಿದರೆ ಹುಬ್ಬಳ್ಳಿಗೂ ಬೆಂಗಳೂರಿಗೂ ನೇರ ರೈಲುಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಜೀರ್ಣಾಂಗ ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯೊಂದಿದೆ.

ಹಣದ ವಿಷಯಕ್ಕೆ ಬಂದರೆ, ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರು ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿದರೆ ಯೋಜನೆಯ ಹಣ ಕೈತಪ್ಪಬಹುದು. ಆಸ್ಪತ್ರೆಯ ‘ಆರೋಗ್ಯ ಮಿತ್ರ’ರನ್ನು ಕಂಡು, ನಿಮ್ಮ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿಗೆ ಬರುತ್ತದೆ, ಪರೀಕ್ಷೆಗಳ ಖರ್ಚು ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಕಾರ್ಖಾನೆ ನೌಕರರು ಇಎಸ್‌ಐ ಕಾರ್ಡ್ ಇದ್ದರೆ ದಾವಣಗೆರೆಯ ಇಎಸ್‌ಐ ಆಸ್ಪತ್ರೆಯನ್ನು, ಸಹಕಾರ ಸಂಘದ ಸದಸ್ಯರು ತಮ್ಮ ಸಂಘದಲ್ಲಿ ಯಶಸ್ವಿನಿ ಯೋಜನೆಯನ್ನು ವಿಚಾರಿಸಿ. ಖಾಸಗಿ ವಿಮೆಯ ಅನೇಕ ಪಾಲಿಸಿಗಳಲ್ಲಿ ಹರ್ನಿಯಾಕ್ಕೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ, ಓದಿಕೊಳ್ಳಿ.

ಒಂದು ಫೈಲಿನಲ್ಲಿ ಇವಿರಲಿ: ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಎಂಡೋಸ್ಕೋಪಿ ವರದಿ ಹಾಗೂ ಫೋಟೊ, ಪರೀಕ್ಷೆಗಳ ಗ್ರಾಫ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ.

ಜಠರದ ಮೇಲ್ತುದಿಯನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಈ ಶಸ್ತ್ರಚಿಕಿತ್ಸೆಯ ಹೆಸರು ಫಂಡೋಪ್ಲಿಕೇಶನ್. ಸರ್ಜನ್ ಅವರನ್ನು ಸಂಕೋಚವಿಲ್ಲದೆ ಕೇಳಿ: ‘ಸರ್, ಈ ಫಂಡೋಪ್ಲಿಕೇಶನ್ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ? ನನಗೆ ಪೂರ್ತಿ ಸುತ್ತೋ, ಅರ್ಧ ಸುತ್ತೋ, ಯಾಕೆ? ಮೆಶ್ (ಬಲೆ) ಹಾಕ್ತೀರಾ? ತೊಂದರೆ ಆದರೆ ರಾತ್ರಿ ಯಾರನ್ನ ಕಾಣಬೇಕು?’ ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಮಾಡುವವರೆಲ್ಲ ಇದನ್ನು ಮಾಡುವುದಿಲ್ಲ. ಇದಕ್ಕೆ ಬೇರೆಯೇ ಪಳಗಿದ ಕೈ ಬೇಕು.

ಹಂತ 8: ಆಪರೇಷನ್‌ಗೆ ಸಿದ್ಧತೆ

ಕನಿಷ್ಠ ನಾಲ್ಕು ವಾರ ಮೊದಲೇ ಬೀಡಿ, ಸಿಗರೇಟು ನಿಲ್ಲಿಸಿ. ಆಪರೇಷನ್ ಆದಮೇಲೆ ಬರುವ ಕೆಮ್ಮು ಹೊಲಿಗೆಗೆ ಶತ್ರು. ಸಕ್ಕರೆ, ಬಿ.ಪಿ. ಹತೋಟಿಗೆ ಬರಲಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಅರಿವಳಿಕೆ ವೈದ್ಯರಿಗೆ ಅಲರ್ಜಿ, ಆಸ್ತಮಾ, ಅಲುಗಾಡುವ ಹಲ್ಲು ಎಲ್ಲವನ್ನೂ ಹೇಳಿ. ಸಾಮಾನ್ಯವಾಗಿ ಊಟ ಆರು ಗಂಟೆ, ತಿಳಿನೀರು ಎರಡು ಗಂಟೆ ಮೊದಲು ನಿಲ್ಲುತ್ತದೆ. ನಿಮ್ಮ ಆಸ್ಪತ್ರೆ ಇನ್ನೂ ಹೆಚ್ಚು ಹೊತ್ತು ಹೇಳಿದರೆ ಅದನ್ನೇ ಪಾಲಿಸಿ. ಹೊರಡುವ ಮುನ್ನ ಮನೆಯ ಅಡುಗೆಮನೆಯಲ್ಲಿ ಮಿಕ್ಸಿ, ಜರಡಿ, ರಾಗಿಹಿಟ್ಟು ಇವೆಯೇ ನೋಡಿಕೊಳ್ಳಿ. ಮುಂದಿನ ಎರಡು ವಾರ ಅವೇ ಆಸರೆ.

ಹಂತ 9: ಥಿಯೇಟರಿನಲ್ಲಿ ಏನು ಮಾಡುತ್ತಾರೆ?

ಜಠರದ ಮೇಲ್ತುದಿಯನ್ನು ಅನ್ನನಾಳಕ್ಕೆ ಸುತ್ತಿ ಹೊಲಿದರೆ ಆಮ್ಲ ಮೇಲೇರುವುದು ನಿಲ್ಲುತ್ತದೆ ಎಂದು ಕಂಡುಕೊಂಡವರು ಜರ್ಮನಿ ಮೂಲದ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್. ಅವರು ಅದನ್ನು 1956ರಲ್ಲಿ ಪ್ರಕಟಿಸಿದರು. ಆಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1990ರಲ್ಲಿ ಮುಂಬೈಯಲ್ಲಿ ಡಾ. ಟೆಹೆಮ್‌ಟನ್ ಉದ್ವಾಡಿಯಾ ಭಾರತದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದರು. ಮರುವರ್ಷವೇ ಬೆಲ್ಜಿಯಂನಲ್ಲಿ ಬರ್ನಾರ್ಡ್ ಡಾಲೆಮಾನ್ ನಿಸ್ಸೆನ್ ವಿಧಾನವನ್ನೂ ಲ್ಯಾಪ್ರೋಸ್ಕೋಪಿಗೆ ತಂದರು. ಜನ ಇದನ್ನು ‘ಲೇಸರ್ ಆಪರೇಷನ್’ ಎನ್ನುವುದುಂಟು, ಆದರೆ ಇದರಲ್ಲಿ ಲೇಸರ್ ಇಲ್ಲ.

ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಐದು ರಂಧ್ರ ಮಾಡುತ್ತಾರೆ. ಒಂದೊಂದೂ 5ರಿಂದ 12 ಮಿ.ಮೀ. ಅಗಲ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಕ್ಯಾಮೆರಾ ಇಳಿಸಿ, ಯಕೃತ್ತನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ. ಆಮೇಲೆ ನಾಲ್ಕು ಕೆಲಸ:

1. ಎದೆಗೇರಿದ ಜಠರವನ್ನೂ ಅದರ ಚೀಲವನ್ನೂ ಬಿಡಿಸಿ ಕೆಳಗೆ ತರುವುದು.
2. ಅನ್ನನಾಳದ 2ರಿಂದ 3 ಸೆಂ.ಮೀ. ಭಾಗ ಎಳೆತವಿಲ್ಲದೆ ಹೊಟ್ಟೆಯೊಳಗೇ ನಿಲ್ಲುವಂತೆ ಮಾಡುವುದು. ಪಕ್ಕದಲ್ಲೇ ಹರಿಯುವ ವೇಗಸ್ ನರಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುವುದು.
3. ಅಗಲವಾದ ವಪೆಯ ಕಂಡಿಯನ್ನು ಕರಗದ ದಾರದಿಂದ ಹೊಲಿದು ಕಿರಿದಾಗಿಸುವುದು. ಕಂಡಿ ಬಹಳ ದೊಡ್ಡದಿದ್ದರೆ ಕೆಲವರಿಗೆ ಮೆಶ್ ಹಾಕುತ್ತಾರೆ.
4. ಜಠರದ ಮೇಲ್ತುದಿಯನ್ನು, ಕೊರಳಿಗೆ ಶಲ್ಯ ಸುತ್ತಿದ ಹಾಗೆ, ಅನ್ನನಾಳದ ಹಿಂದಿನಿಂದ ತಂದು ಹೊಲಿಯುವುದು.

ಪೂರ್ತಿ 360 ಡಿಗ್ರಿ ಸುತ್ತಿದರೆ ಅದು ನಿಸ್ಸೆನ್. ಹಿಂದಿನಿಂದ 270 ಡಿಗ್ರಿ ಮಾತ್ರ ಸುತ್ತಿದರೆ ಟೂಪೆ. ಮುಂದಿನಿಂದ ಅರ್ಧ ಸುತ್ತಿದರೆ ಡಾರ್. ಅರೆಸುತ್ತಿನಲ್ಲಿ ನುಂಗುವ ತೊಂದರೆಯೂ ಹೊಟ್ಟೆ ಉಬ್ಬರವೂ ಕಡಿಮೆ. ಅನ್ನನಾಳದ ತಳ್ಳುವ ಬಲ ಕಡಿಮೆಯಿರುವವರಿಗೆ ಅದನ್ನೇ ಆರಿಸುತ್ತಾರೆ. ಎಲ್ಲ ಸೇರಿ ಒಂದೂವರೆಯಿಂದ ಮೂರು ಗಂಟೆ. ರಕ್ತಸ್ರಾವ, ಅನ್ನನಾಳ ಅಥವಾ ಗುಲ್ಮಕ್ಕೆ ಪೆಟ್ಟು, ಎದೆಗೆ ಗಾಳಿ ಸೇರುವುದು ಅಪರೂಪದ ಅಪಾಯಗಳು. ಅಂಥ ವೇಳೆ ಹೊಟ್ಟೆ ತೆರೆದು ಮಾಡಬೇಕಾಗಬಹುದು. ಒಪ್ಪಿಗೆ ಪತ್ರದಲ್ಲಿ ಬರೆದಿರುವುದು ಇದನ್ನೇ. ಓದಿ, ಓದಿಸಿ, ಆಮೇಲೆ ಸಹಿ ಹಾಕಿ.

ಹಂತ 10: ಆಸ್ಪತ್ರೆಯ ಮೊದಲ ಎರಡು ದಿನ

ಎಚ್ಚರವಾದಾಗ ಭುಜ ನೋಯಬಹುದು. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು ಕೆಣಕಿದ್ದೇ ಅದಕ್ಕೆ ಕಾರಣ, ಒಂದೆರಡು ದಿನದಲ್ಲಿ ಹೋಗುತ್ತದೆ. ಅಂದು ಸಂಜೆಯೇ ಎಬ್ಬಿಸಿ ನಡೆಸುತ್ತಾರೆ. ವಾಕರಿಕೆ ಬಂದರೆ ತಡೆಯದೆ ನರ್ಸ್‌ಗೆ ಹೇಳಿ, ಇಂಜೆಕ್ಷನ್ ಕೊಡುತ್ತಾರೆ. ಈಗ ಜೋರಾಗಿ ಓಕರಿಸಿದರೆ ಹೊಸ ಹೊಲಿಗೆ ಕಿತ್ತುಬರಬಹುದು. ಮೊದಲು ನೀರು, ಆಮೇಲೆ ಎಳನೀರು, ತಿಳಿಸಾರು. ಬಹುತೇಕರು ಒಂದರಿಂದ ಮೂರು ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ಹಂತ 11: ಆರು ವಾರಗಳ ಊಟ

ಸುತ್ತಿದ ಜಾಗ ಊದಿಕೊಂಡಿರುವುದರಿಂದ ನುಂಗಲು ಕಷ್ಟವಾಗುವುದು ಸಹಜ. ಊತ ಇಳಿಯಲು ಕೆಲವು ವಾರ ಬೇಕು.

*1–2ನೇ ವಾರ:* ನೀರಾದ ಅನ್ನದ ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಬೇಳೆಕಟ್ಟು, ಸೋಸಿದ ತರಕಾರಿ ಸೂಪು. ಬಿಸಿ ಹದವಾಗಿರಲಿ, ಖಾರ ಬೇಡ.

*3–4ನೇ ವಾರ:* ಮೆತ್ತಗೆ ಬೆಂದು ಹಿಸುಕಿದ ಮೊಸರನ್ನ, ತೊವ್ವೆ, ರವೆ ಗಂಜಿ, ಸಾರಿನಲ್ಲಿ ಪೂರ್ತಿ ನೆನೆದ ಇಡ್ಲಿ, ಮಾಗಿದ ಬಾಳೆಹಣ್ಣು, ಮೃದುವಾಗಿ ಬೆಂದ ಮೊಟ್ಟೆ.

*5–6ನೇ ವಾರ:* ಸಡಿಲ ಉಪ್ಪಿಟ್ಟು, ಶ್ಯಾವಿಗೆ, ಬೇಯಿಸಿದ ತರಕಾರಿ, ಹಾಲಿನಲ್ಲಿ ನೆನೆಸಿದ ಚಪಾತಿ.

*ಆರು ವಾರ ಕಳೆದು ವೈದ್ಯರು ಒಪ್ಪುವವರೆಗೆ ಬೇಡ:* ಜೋಳದ ರೊಟ್ಟಿ, ಬ್ರೆಡ್, ಮಾಂಸದ ತುಂಡು, ಮಂಡಕ್ಕಿ, ಗರಿಗರಿ ದೋಸೆ, ಮಿರ್ಚಿ, ಸೋಡಾ. ಮುದ್ದೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಅಗಿಯದೆ ನುಂಗುವುದೇ ಅದರ ರೂಢಿ, ಹೊಸದಾಗಿ ಬಿಗಿಯಾದ ಅನ್ನನಾಳದಲ್ಲಿ ಆ ತುತ್ತು ಸಿಕ್ಕಿಕೊಳ್ಳುತ್ತದೆ. ಮುಂದೆ ತಿನ್ನುವಾಗಲೂ ಸಣ್ಣ ತುತ್ತು ಮಾಡಿ, ಹೆಚ್ಚು ಸಾರಿನಲ್ಲಿ ಮುಳುಗಿಸಿ ತೆಗೆದುಕೊಳ್ಳಿ.

ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣಿ. ನೆಟ್ಟಗೆ ಕುಳಿತು, ಮಾತಾಡದೆ, ಚೆನ್ನಾಗಿ ಅಗಿದು ನುಂಗಿ. ದೊಡ್ಡ ಮಾತ್ರೆಗಳನ್ನು ಪುಡಿ ಮಾಡಬಹುದೇ ಎಂದು ಕೇಳಿ ತಿಳಿಯಿರಿ, ಎಲ್ಲವನ್ನೂ ಪುಡಿ ಮಾಡುವಂತಿಲ್ಲ. ರಂಜಾನ್ ಉಪವಾಸ, ಏಕಾದಶಿ ಈ ಅವಧಿಯಲ್ಲಿ ಬಂದರೆ ಈ ಬಾರಿ ಬಿಡಿ. ದಿನವಿಡೀ ಖಾಲಿಯಿದ್ದು ಒಮ್ಮೆಲೇ ಹೊಟ್ಟೆತುಂಬ ಉಣ್ಣುವುದು ಈ ಹೊಲಿಗೆಗೆ ಒಗ್ಗುವುದಿಲ್ಲ.

ತೇಗು ಸರಾಗವಾಗಿ ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಕೆಳಗಿನಿಂದ ಗಾಳಿ ಹೆಚ್ಚು ಹೋಗುತ್ತದೆ, ವಾಂತಿ ಮಾಡುವುದು ಕಷ್ಟವಾಗುತ್ತದೆ. ಬಹುಪಾಲು ಜನರಲ್ಲಿ ಇವು ತಿಂಗಳುಗಳಲ್ಲಿ ತಗ್ಗುತ್ತವೆ. ಆದರೆ ಎಂಜಲನ್ನೂ ನುಂಗಲಾಗದಿದ್ದರೆ, ಜ್ವರ, ಎದೆನೋವು, ಏದುಸಿರು, ನಿಲ್ಲದ ಓಕರಿಕೆ, ಹೊಟ್ಟೆನೋವು ಹೆಚ್ಚುತ್ತ ಹೋದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಂತ 12: ಕೆಲಸಕ್ಕೆ ಮರಳುವುದು, ಮುಂದಿನ ವರ್ಷಗಳು

ಮೇಜಿನ ಕೆಲಸದವರು ಎರಡು ವಾರಕ್ಕೆ ಮರಳಬಹುದು. ನೋವಿಲ್ಲದೆ ಗಟ್ಟಿ ಬ್ರೇಕ್ ಒತ್ತಲು ಸಾಧ್ಯವಾದ ಮೇಲಷ್ಟೇ ಗಾಡಿ ಓಡಿಸಿ. ಆರು ವಾರ 5 ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಗು ಎಲ್ಲವೂ ಇದರಲ್ಲಿ ಸೇರಿದವು. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು, ಗದ್ದೆ ಕೆಲಸದವರು ಎಷ್ಟು ದಿನ ವಿರಾಮ ಬೇಕೆಂದು ಸರ್ಜನ್ ಅವರಿಂದ ಬರೆಸಿಕೊಳ್ಳಿ. ಹರ್ನಿಯಾ ದೊಡ್ಡದಿದ್ದರೆ ಮೂರು ತಿಂಗಳೂ ಆಗಬಹುದು. ದಿನಗೂಲಿಯವರಿಗೆ ಇದು ದೊಡ್ಡ ಹೊರೆ ನಿಜ. ಆದ್ದರಿಂದಲೇ ದಿನಾಂಕವನ್ನು ಸುಗ್ಗಿ, ನಾಟಿಗಳ ಕಾಲ ಬಿಟ್ಟು ಗೊತ್ತುಮಾಡಿಕೊಳ್ಳಿ.

ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂದಿಗೆ ಒಳ್ಳೆಯ ಉಪಶಮನ ಸಿಗುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ಸುತ್ತು ಸಡಿಲವಾಗಿ ಮತ್ತೆ ಮಾತ್ರೆ ಬೇಕಾಗಬಹುದು, ಕೆಲವರಿಗೆ ಹರ್ನಿಯಾ ಮರುಕಳಿಸಬಹುದು. ಉರಿ ಮರಳಿದರೆ ಮೆಡಿಕಲ್ ಶಾಪಿಗಲ್ಲ, ಆಪರೇಷನ್ ಮಾಡಿದ ವೈದ್ಯರ ಬಳಿಗೆ ಹೋಗಿ. ಬ್ಯಾರೆಟ್ಸ್ ಇದ್ದವರು ಉರಿ ಪೂರ್ತಿ ನಿಂತರೂ ಎಂಡೋಸ್ಕೋಪಿ ತಪಾಸಣೆ ನಿಲ್ಲಿಸುವಂತಿಲ್ಲ.

ಎದೆಯುರಿಯನ್ನು ಹಗುರವಾಗಿ ಕಾಣಬೇಡಿ, ಆಪರೇಷನ್‌ಗೂ ಅವಸರ ಮಾಡಬೇಡಿ. ಈಗ ಯಾರಾದರೂ ನಿಮಗೆ ಈ ಶಸ್ತ್ರಚಿಕಿತ್ಸೆ ಸೂಚಿಸಿದ್ದರೆ ಮೊದಲು ನಿಮ್ಮ ಫೈಲ್ ತೆರೆದು ಎಂಡೋಸ್ಕೋಪಿ, ಮ್ಯಾನೊಮೆಟ್ರಿ ವರದಿಗಳಿವೆಯೇ, ಬೇಕಿದ್ದಲ್ಲಿ ಪಿಎಚ್ ವರದಿಯೂ ಇದೆಯೇ ನೋಡಿ. ಇಲ್ಲದಿದ್ದರೆ ದಿನಾಂಕ ಮುಂದೂಡಿ, ಪರೀಕ್ಷೆ ಮಾಡಿಸಿ. ಇದ್ದರೆ ಧೈರ್ಯವಾಗಿ ಮುಂದುವರಿಯಿರಿ.